ನೀರಿನ ಕಾಲಂ ಇಲ್ಲದ ಟೂರ್ ಪ್ಲಾನು

ನಮ್ಮ ಮನೆಯ ಕಾಶಿಯಾತ್ರೆ ಸದ್ಯಕ್ಕೆ ಒಂದು ಎಕ್ಸೆಲ್ ಶೀಟಿನಲ್ಲಿದೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ದೊಡ್ಡಪ್ಪನ ಮಗ ಮಾಡಿದ್ದು. ಫೆಬ್ರವರಿಯಲ್ಲಿ ಏಳು ಜನ, ಎಂಟು ದಿನ, ಆರು ಊರು. ದಾವಣಗೆರೆಯಿಂದ ರಾತ್ರಿ ಹತ್ತಕ್ಕೆ ಕಾರು, ದೇವನಹಳ್ಳಿಯಿಂದ ಬೆಳಗಿನ ವಿಮಾನ, ಮಧ್ಯಾಹ್ನದ ಊಟದ ಹೊತ್ತಿಗೆ ಕಾಶಿ. ಅಲ್ಲಿಂದ ಕಾರಿನಲ್ಲಿ ಪ್ರಯಾಗ, ಪ್ರಯಾಗದಿಂದ ಅಯೋಧ್ಯೆ, ಅಯೋಧ್ಯೆಯಿಂದ ಲಖನೌ. ಲಖನೌದಿಂದ ರಾತ್ರಿ ರೈಲಿಗೆ ದೆಹಲಿ. ಒಂದು ಹಗಲಲ್ಲಿ ಆಗ್ರಾಕ್ಕೆ ಹೋಗಿಬಂದು ಮತ್ತೆ ವಿಮಾನ. ಕಾರಿಗೆ ಹಳದಿ, ರೈಲಿಗೆ ಹಸಿರು, ವಿಮಾನಕ್ಕೆ ನೀಲಿ ಬಣ್ಣ ಕೊಟ್ಟಿದ್ದಾನೆ. ಶುಕ್ರವಾರ ತಾಜ್‌ಮಹಲಿಗೆ ರಜೆ ಎಂಬುದನ್ನೂ ಮರೆತಿಲ್ಲ. ಅಣ್ಣ ಕೆಲಸಗಾರ, ಅದರಲ್ಲಿ ಎರಡು ಮಾತಿಲ್ಲ.

ಇದನ್ನು ತಿದ್ದಿಕೊಡಲು ನನಗೆ ಕಳಿಸಿದ್ದಾನೆ. ಯಾಕೆಂದರೆ ನಾನು ಪಿಎಚ್.ಡಿ. ಮಾಡುತ್ತಿದ್ದೇನೆ. ಅಂದರೆ ನಮ್ಮ ಮನೆತನದ ಲೆಕ್ಕದಲ್ಲಿ ಐದು ವರ್ಷದಿಂದ ಖಾಲಿ ಕೂತಿದ್ದೇನೆ.

ಶೀಟಿನಲ್ಲಿ ಹೊರಡುವ ಹೊತ್ತು, ತಲುಪುವ ಹೊತ್ತು, ಕಿಲೋಮೀಟರು, ಹೋಟೆಲು, ತಲೆಗೆ ಎಷ್ಟು ಬೀಳುತ್ತದೆ ಎಂಬುದೆಲ್ಲ ಇದೆ. ಏಳು ಜನರಲ್ಲಿ ಐವರು ಹೆಣ್ಣುಮಕ್ಕಳು, ಅವರು ಮೂತ್ರಕ್ಕೆ ಎಲ್ಲಿ ಹೋಗಬೇಕು ಎಂಬುದೊಂದು ಇಲ್ಲ. ಈ ಮಾತು ಮುಜುಗರ ತರಿಸಿದರೆ ದಯವಿಟ್ಟು ಸ್ವಲ್ಪ ತಡೆದುಕೊಳ್ಳಿ. ತಡೆದುಕೊಳ್ಳುವುದರ ಬಗ್ಗೆಯೇ ಈ ಬರಹ.

ಎರಡು ವರ್ಷದ ಹಿಂದೆ ಇಂಥದೇ ಒಂದು ಪ್ಲಾನು ನಾನು ಮಾಡಿದ್ದೆ. ಬಾದಾಮಿ, ಪಟ್ಟದಕಲ್ಲು, ಐಹೊಳೆ, ಕೂಡಲಸಂಗಮ, ವಿಜಯಪುರ, ಎಲ್ಲ ಸೇರಿ ಎರಡೂವರೆ ದಿನ. ಬಾಡಿಗೆ ಕಾರು. ಮ್ಯಾಪಿನಲ್ಲಿ ನಿಮಿಷ ನಿಮಿಷ ಲೆಕ್ಕ ಹಾಕಿ ಒಂದು ಊರು ಹೆಚ್ಚಿಗೆ ತುರುಕಿದ್ದಕ್ಕೆ ಹೆಮ್ಮೆಪಟ್ಟಿದ್ದೆ. ಅಮ್ಮ ಆ ಎರಡೂವರೆ ದಿನ ಸರಿಯಾಗಿ ನೀರು ಕುಡಿಯಲಿಲ್ಲ. ನನಗದು ಗೊತ್ತಾಗಲಿಲ್ಲ. ಬಾಟಲಿ ಅವಳ ಮಡಿಲಲ್ಲೇ ಇತ್ತು, ಎಲ್ಲರಿಗೂ ಕೊಡುತ್ತಿದ್ದಳು. ಒಂದು ಪೆಟ್ರೋಲ್ ಬಂಕಿನಲ್ಲಿ ಇಳಿದಾಗ ಹೆಂಗಸರ ಶೌಚಾಲಯಕ್ಕೆ ಬೀಗ. ಕೀಲಿ ಇಟ್ಟುಕೊಂಡ ಹುಡುಗ ಊಟಕ್ಕೆ ಹೋಗಿದ್ದಾನೆ. ‘ಬಿಡವ್ವ, ಮುಂದೆ ನೋಡಾಣ’ ಅಂದಳು. ಮುಂದೆ ಎಂದರೆ ಮುಂದಿನ ಊರು. ಅಲ್ಲಿಗೆ ಹೋದರೆ ಸ್ಮಾರಕ ಮುಚ್ಚುವ ಹೊತ್ತಾಯಿತೆಂದು ಓಡಿದೆವು. ಗೋಳಗುಮ್ಮಟದಲ್ಲಿ ನಾವು ಮೇಲೆ ಹತ್ತಿ ಕೂಗಿ ಪ್ರತಿಧ್ವನಿ ಎಣಿಸುವಾಗ ಅವಳು ಕೆಳಗೆ ಹುಲ್ಲುಹಾಸಿನ ಅಂಚಿನಲ್ಲಿ ಕೂತಿದ್ದಳು. ಮಂಡಿನೋವಿರಬೇಕು ಎಂದುಕೊಂಡೆ. ಊರಿಗೆ ಬಂದ ಮೂರನೇ ದಿನ ಚಳಿಜ್ವರ, ಮೂತ್ರದ ಸೋಂಕು, ಆಸ್ಪತ್ರೆಯಲ್ಲಿ ನಾಲ್ಕು ದಿನ ಡ್ರಿಪ್. ಡಾಕ್ಟರಮ್ಮ ಕೇಳಿದ್ದು ಒಂದೇ ಪ್ರಶ್ನೆ: ‘ಎಲ್ಲಿಗೆ ಟೂರ್ ಹೋಗಿದ್ರಿ?’

ಎಲ್ಲಿಗೆ ಟೂರ್ ಹೋಗಿದ್ರಿ! ಅವರಿಗೆ ಇದು ದಿನನಿತ್ಯದ ರೋಗ ಎಂದಾಯಿತು.

ಅಪ್ಪ ಹೇಳಿದ್ದು, ‘ಒಂದು ಮಾತು ಹೇಳಿದ್ದರೆ ಗಾಡಿ ನಿಲ್ಲಿಸ್ತಿರಲಿಲ್ವಾ?’ ಒಳ್ಳೆಯ ಮನುಷ್ಯ, ಖಂಡಿತ ನಿಲ್ಲಿಸುತ್ತಿದ್ದ. ಆದರೆ ಎಲ್ಲಿ? ಗಂಡಸರಿಗೆ ಹೆದ್ದಾರಿಯ ಉದ್ದಕ್ಕೂ ಶೌಚಾಲಯವೇ. ಹೆಣ್ಣಿಗೆ ಮರೆ ಬೇಕು, ನೀರು ಬೇಕು, ಜೊತೆಗೊಬ್ಬಳು ಬೇಕು, ಅದಕ್ಕಿಂತ ಮೊದಲು ಕಾರಿನಲ್ಲಿರುವ ಡ್ರೈವರೂ ಸೇರಿ ಎಲ್ಲರೆದುರು ಬಾಯಿಬಿಟ್ಟು ಹೇಳುವ ಎದೆ ಬೇಕು. ಮೊದಲು ಟೋಲ್‌ನಲ್ಲಿ ಗಾಡಿ ಸಾಲಾಗಿ ನಿಲ್ಲುತ್ತಿದ್ದಾಗ ಇಳಿದು ಹೋಗಿಬರಲು ಒಂದು ನೆಪವಾದರೂ ಇತ್ತು. ಫಾಸ್ಟ್ಯಾಗ್ ಬಂದು ಅದೂ ಹೋಯಿತು.

ಈಗ ನಮ್ಮಲ್ಲಿ ಯಾರೂ ಊರು ನೋಡುವುದಿಲ್ಲ, ‘ಕವರ್’ ಮಾಡುತ್ತಾರೆ. ಬೆಳಿಗ್ಗೆ ಬಾದಾಮಿ ಕವರ್ ಆಯ್ತು, ಮಧ್ಯಾಹ್ನದೊಳಗೆ ಐಹೊಳೆ ಕವರ್ ಮಾಡಿಬಿಡಾಣ. ಪರೀಕ್ಷೆಗೆ ಸಿಲಬಸ್ ಕವರ್ ಮಾಡಿದ ಹಾಗೆ. ಹೀಗೆ ಕವರ್ ಮಾಡಬೇಕಾದರೆ ಗಾಡಿ ನಿಲ್ಲಬಾರದು; ಗಾಡಿ ನಿಲ್ಲಬಾರದೆಂದರೆ ಗಾಡಿಯಲ್ಲಿರುವ ಯಾರಿಗೋ ಬಾಯಾರಿಕೆ ಆಗಬಾರದು. ‘ನಾಲ್ಕು ಗಂಟೆಯ ದಾರಿ’ ಎಂದು ನಾವು ಲೆಕ್ಕ ಹಾಕುವುದು ಮೂವತ್ತು ವರ್ಷದ, ಮಂಡಿ ಗಟ್ಟಿ ಇರುವ, ಮುಟ್ಟಾಗದ, ರಸ್ತೆಬದಿ ನಿಲ್ಲಬಲ್ಲ ಒಬ್ಬ ಗಂಡಸಿನ ದೇಹವನ್ನು ಇಟ್ಟುಕೊಂಡು. ಉಳಿದವರೆಲ್ಲ ಆ ದೇಹಕ್ಕೆ ಹೊಂದಿಕೊಳ್ಳಬೇಕು. ಅದಕ್ಕೆ ನಾವಿಟ್ಟ ಹೆಸರು ‘ಅಡ್ಜಸ್ಟ್ ಮಾಡ್ಕೊಳ್ಳಿ’.

ನನ್ನ ಸಂಶೋಧನೆ ಕನ್ನಡದ ಪ್ರವಾಸಕಥನಗಳ ಮೇಲೆ ಎಂಬುದನ್ನು ಇಲ್ಲಿ ಹೇಳಲೇಬೇಕು, ನಾಚಿಕೆಯಿಂದಲೇ. ವಿ. ಸೀತಾರಾಮಯ್ಯನವರ ‘ಪಂಪಾಯಾತ್ರೆ’ಯಿಂದ ‘ಅಮೆರಿಕದಲ್ಲಿ ಗೊರೂರು’ ದಾಟಿ ಈಚಿನವರೆಗೆ ಓದಿ ಟಿಪ್ಪಣಿ ಮಾಡಿಕೊಂಡಿದ್ದೇನೆ. ನಿಸರ್ಗ, ಹಾಸ್ಯ, ಅನ್ಯಸಂಸ್ಕೃತಿ, ಆಹಾರ ಎಂದು ತಲೆಬರಹ ಹಾಕಿ ಕಡತ ಮಾಡಿದ್ದೇನೆ. ಶೌಚ ಎಂಬ ತಲೆಬರಹ ನನ್ನ ಕಡತದಲ್ಲಿಲ್ಲ. ಪುಸ್ತಕಗಳಲ್ಲಿ ಇದೆಯೋ ಇಲ್ಲವೋ ಎಂದು ಹುಡುಕಬೇಕೆಂದೇ ನನಗೆ ಅನ್ನಿಸಿರಲಿಲ್ಲ. ಅಮ್ಮ ಆಸ್ಪತ್ರೆ ಸೇರಿದ ಮೇಲೆ ಅನ್ನಿಸಿತು.

1909ರಲ್ಲಿ ಬಂಗಾಳದ ಒಬ್ಬ ಪ್ರಯಾಣಿಕ ರೈಲ್ವೆ ಕಚೇರಿಗೆ ಬರೆದನೆಂಬ ಒಂದು ಪತ್ರ ಬಲು ಪ್ರಸಿದ್ಧ. ಹೊಟ್ಟೆ ಕೆಟ್ಟು ನಿಲ್ದಾಣದಲ್ಲಿ ಇಳಿದು ಕೂತಿದ್ದವನು ರೈಲು ಹೊರಟಿತೆಂದು ಒಂದು ಕೈಯಲ್ಲಿ ಲೋಟ, ಇನ್ನೊಂದರಲ್ಲಿ ಪಂಚೆ ಹಿಡಿದು ಓಡಿ, ಬಿದ್ದು, ಎಲ್ಲರೆದುರು ಮಾನ ಕಳೆದುಕೊಂಡ ಕಥೆ. ಬೋಗಿಗಳಲ್ಲಿ ಶೌಚಾಲಯ ಬಂದದ್ದೇ ಆ ಪತ್ರದಿಂದ ಎಂದು ಹೇಳುವವರಿದ್ದಾರೆ. ಎಲ್ಲರೂ ಓದಿ ನಗುತ್ತೇವೆ. ಅದೇ ರೈಲಿನಲ್ಲಿ ಹೆಂಗಸರೂ ಇದ್ದಿರಬೇಕು. ಅವರು ಇಳಿದಿರುವುದಿಲ್ಲ, ಆದ್ದರಿಂದ ಬಿದ್ದಿರುವುದಿಲ್ಲ, ಆದ್ದರಿಂದ ಪತ್ರವನ್ನೂ ಬರೆದಿರುವುದಿಲ್ಲ.

ಶೀಟಿಗೆ ವಾಪಸು ಬರುತ್ತೇನೆ. ಅಣ್ಣನಿಗೆ ನಾನು ಕೊಟ್ಟ ಉತ್ತರ ಸರಳ: ಹೋಗುವಾಗ ವಿಮಾನ ಬೇಡ, ರೈಲು. ಬೆಂಗಳೂರಿನಿಂದ ಸಂಘಮಿತ್ರ ಎಕ್ಸ್‌ಪ್ರೆಸ್ ಹತ್ತಿದರೆ ಸುಮಾರು ಎರಡು ದಿನಕ್ಕೆ ಮೊಘಲ್‌ಸರಾಯ್, ಈಗಿನ ದೀನದಯಾಳ್ ಉಪಾಧ್ಯಾಯ ಜಂಕ್ಷನ್. ಅಲ್ಲಿಂದ ಕಾಶಿ ಹತ್ತಿರ. ಅಣ್ಣ ಫೋನಿನಲ್ಲಿ ನಕ್ಕ. ‘ಎರಡೂವರೆ ಗಂಟೆಯ ಫ್ಲೈಟ್ ಬಿಟ್ಟು ಎರಡು ದಿನ ರೈಲಾ? ಟಾಯ್ಲೆಟ್ ಸಲುವಾಗಿ?’ ಹೌದು, ಟಾಯ್ಲೆಟ್ ಸಲುವಾಗಿ. ರೈಲಿನ ಶೌಚಾಲಯ ಸ್ವಚ್ಛ ಎಂದು ನಾನು ವಾದಿಸಿದರೆ, ಎರಡನೇ ದಿನ ಮಧ್ಯಾಹ್ನ ಅದರೊಳಗೆ ಕಾಲಿಟ್ಟವರು ನನ್ನ ಪದವಿಯನ್ನೇ ಅನುಮಾನಿಸುತ್ತಾರೆ. ಆದರೂ ಕಾರು, ರೈಲು, ವಿಮಾನ ಮೂರರಲ್ಲಿ ಯಾರನ್ನೂ ಕೇಳದೆ, ಯಾರನ್ನೂ ಎಬ್ಬಿಸದೆ, ಯಾರಿಗೂ ಹೇಳದೆ ಎದ್ದು ಹೋಗಿಬರಬಹುದಾದದ್ದು ರೈಲೊಂದರಲ್ಲೇ. ದೊಡ್ಡಮ್ಮ, ಅಂದರೆ ಅಣ್ಣನ ತಾಯಿ, ಒಮ್ಮೆ ವಿಮಾನ ಹತ್ತಿದ್ದಾರೆ. ಮಗ ಪ್ರೀತಿಯಿಂದ ಕಿಟಕಿ ಸೀಟು ಹಾಕಿಸಿಕೊಟ್ಟಿದ್ದ. ಪಕ್ಕದಲ್ಲಿ ಗುರುತಿಲ್ಲದ ಇಬ್ಬರು ಗಂಡಸರು. ಅವರನ್ನು ಎಬ್ಬಿಸುವುದು ಹೇಗೆಂದು ಕೊಟ್ಟ ನೀರನ್ನೂ ಮುಟ್ಟಲಿಲ್ಲವಂತೆ. ವಿಮಾನ ನಿಲ್ದಾಣದ ಶೌಚಾಲಯದ ಮೇಲೆ ನನಗೆ ಯಾವ ತಕರಾರೂ ಇಲ್ಲ. ನಮ್ಮ ದೇಶದಲ್ಲಿ ಅಷ್ಟು ಚೊಕ್ಕಟವಾದದ್ದು ಬೇರೆ ಕಡೆ ಸಿಕ್ಕುವುದು ಕಷ್ಟ. ಅಲ್ಲಿಗೆ ತಲುಪಲು ಮಾಡುವ ರಾತ್ರಿಯಿಡೀ ಕಾರಿನ ಓಟದ ಮೇಲೆ ನನ್ನ ತಕರಾರು. ಆ ಎರಡೂವರೆ ಗಂಟೆಗೆ ಹಿಂದಿನ ರಾತ್ರಿಯ ನಿದ್ದೆ, ಮುಂಚಿತವಾಗಿ ಹೋಗಿ ಕಾಯುವುದು, ಬಾಬತ್‌ಪುರದಲ್ಲಿ ಇಳಿದು ಊರೊಳಗೆ ಹೋಗುವುದು ಎಲ್ಲ ಕೂಡಿಸಿದರೆ ಉಳಿತಾಯ ಅಣ್ಣ ಹೇಳುವಷ್ಟಿಲ್ಲ. ಬಂದವರು ಅರ್ಧ ದಿನ ಮಲಗುತ್ತಾರೆ. ಆ ಅರ್ಧ ದಿನವೂ ಅವನ ಲೆಕ್ಕದಲ್ಲಿ ‘ಕಾಶಿ ಕವರ್’.

ಹಾಗೆಂದು ರೈಲ್ವೆ ನಮ್ಮ ಅಮ್ಮಂದಿರನ್ನು ಕಾದು ಕೂತಿದೆ ಎಂದಲ್ಲ. ಹಿರಿಯ ನಾಗರಿಕರಿಗೆ ಇದ್ದ ರಿಯಾಯಿತಿ, ಗಂಡಸರಿಗೆ ಶೇ. 40, ಹೆಂಗಸರಿಗೆ ಶೇ. 50, 2020ರ ಮಾರ್ಚ್‌ನಲ್ಲಿ ಕೋವಿಡ್ ಹೆಸರಲ್ಲಿ ನಿಂತಿತು. ಕೋವಿಡ್ ಹೋದರೂ ಅದು ಬರಲಿಲ್ಲ. 45 ದಾಟಿದ ಹೆಂಗಸರಿಗೆ ಕೆಳಗಿನ ಬರ್ತಿನ ಕೋಟಾ ಇದೆ, ನಿಜ. ಆದರೆ ಒಂದು ಟಿಕೆಟಿನಲ್ಲಿ ಒಬ್ಬರೋ ಇಬ್ಬರೋ ಇದ್ದರೆ ಮಾತ್ರ. ಏಳು ಜನರ ಮನೆಮಂದಿ ಒಟ್ಟಿಗೆ ಟಿಕೆಟ್ ಮಾಡಿಸಿದಿರೋ, ಮಂಡಿ ಸವೆದ ದೊಡ್ಡಮ್ಮನಿಗೆ ಮೇಲಿನ ಬರ್ತ್ ಬಂದರೂ ಕೇಳುವಂತಿಲ್ಲ. ಅವರಿಗೆ ಕೆಳಗೆ ಮಲಗುವ ಹಕ್ಕು ಸಿಗಬೇಕಾದರೆ ಮೊದಲು ಅವರನ್ನು ಕುಟುಂಬದ ಟಿಕೆಟಿನಿಂದ ಹೊರಗೆ ತೆಗೆಯಬೇಕು. ಈ ನಿಯಮ ಬರೆದವರು ಗೊತ್ತಿಲ್ಲದೆಯೇ ಒಂದು ದೊಡ್ಡ ಸತ್ಯ ಬರೆದಿಟ್ಟಿದ್ದಾರೆ.

ಹೆಂಗಸರನ್ನೇ ಪ್ಲಾನು ಮಾಡಲು ಬಿಟ್ಟರೆ ಏನಾಗುತ್ತದೆ ಎಂಬುದನ್ನೂ ನಾನು ನೋಡಿದ್ದೇನೆ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯಿತಲ್ಲ, ಆ ವರ್ಷವೇ ನಮ್ಮ ಬೀದಿಯ ಎಂಟು ಜನ ಹೆಂಗಸರು ಸೇರಿ ಸವದತ್ತಿಗೆ ಹೋದರು, ಆಮೇಲೆ ಧರ್ಮಸ್ಥಳಕ್ಕೆ. ‘ಪುಕ್ಕಟೆ ಬಸ್ಸೆಂದು ತಿರುಗ್ತಾವೆ’ ಎಂದು ಕಟ್ಟೆಯ ಮೇಲೆ ಕೂತವರು ಆಡಿಕೊಂಡರು. ಅಮ್ಮನ ಗುಂಪಿನಲ್ಲಿ ಶೀಟೂ ಇರಲಿಲ್ಲ, ಮ್ಯಾಪೂ ಇರಲಿಲ್ಲ. ಯಾವ ಬಸ್ ನಿಲ್ದಾಣದಲ್ಲಿ ಶೌಚಾಲಯಕ್ಕೆ ನೀರು ಬರುತ್ತದೆ, ಎಲ್ಲಿ ಗಂಡಸರಿಗೆ ಪುಕ್ಕಟೆ ಇದ್ದು ಹೆಂಗಸರ ಹತ್ತಿರ ಮಾತ್ರ ಐದು ರೂಪಾಯಿ ಕೀಳುತ್ತಾರೆ, ಎಲ್ಲಿ ಇಳಿದರೆ ಮುಂದಿನ ಬಸ್ಸು ಬೇಗ ಸಿಗುತ್ತದೆ ಎಂಬುದು ಎಂಟು ಜನರಲ್ಲಿ ಒಬ್ಬರಿಗಲ್ಲ ಒಬ್ಬರಿಗೆ ಗೊತ್ತಿತ್ತು. ಒಬ್ಬಾಕೆ ಕಂಡಕ್ಟರಿಗೆ ‘ಐದು ನಿಮಿಷ ನಿಲ್ಸಪ್ಪಾ, ನಿನಗೂ ತಾಯಿ ಅದಾಳೆ’ ಎಂದು ಬಸ್ಸು ನಿಲ್ಲಿಸಿದಳಂತೆ. ಅಮ್ಮ ಬಾಟಲಿ ನೀರು ಖಾಲಿ ಮಾಡಿ ಮತ್ತೆ ತುಂಬಿಸಿಕೊಂಡು ಬಂದಿದ್ದಳು. ಸ್ವಂತ ಮಗಳು ಮಾಡಿದ ಎರಡೂವರೆ ದಿನದ ಎಸಿ ಕಾರಿನ ಪ್ರವಾಸಕ್ಕಿಂತ ಕೆಂಪು ಬಸ್ಸಿನಲ್ಲಿ ಅವಳ ಮೂತ್ರಕೋಶ ಸುಖವಾಗಿತ್ತು. ನಾನು ಈ ಮಾತನ್ನು ತಮಾಷೆಗೆ ಹೇಳುತ್ತಿಲ್ಲ.

ಅಣ್ಣನ ಕಡೆಯ ವಾದವನ್ನೂ ಹೇಳದಿದ್ದರೆ ಅನ್ಯಾಯ. ಅವನಿಗೆ ಸಿಕ್ಕುವುದು ಎಂಟೇ ದಿನದ ರಜೆ. ಅದಕ್ಕಿಂತ ದೊಡ್ಡ ವಾದ, ‘ಮತ್ತೆ ಯಾವಾಗ ಹೋಗ್ತೀವೋ ಏನೋ’. ನಮ್ಮಂಥವರ ಮನೆಯಲ್ಲಿ ಉತ್ತರದ ಕಡೆ ಹೋಗುವುದು ಜೀವಮಾನಕ್ಕೊಮ್ಮೆ. ಹೋದಾಗ ಎಲ್ಲ ನೋಡಿಬಿಡಬೇಕು. ಇದನ್ನು ದುರಾಸೆ ಎಂದು ತಳ್ಳಿಹಾಕುವುದು ವರ್ಷಕ್ಕೆರಡು ಸಲ ಸೆಮಿನಾರಿನ ಖರ್ಚಿನಲ್ಲಿ ಊರು ಸುತ್ತುವ ನನ್ನಂಥವರ ಸೊಕ್ಕು. ಅಮ್ಮನಂತೂ ನನ್ನ ಪಕ್ಷವಲ್ಲವೇ ಅಲ್ಲ. ನಾನು ಉತ್ಸಾಹದಿಂದ ‘ಕಾಶಿ, ಪ್ರಯಾಗ ಎರಡೇ ಸಾಕಲ್ವೇನಮ್ಮಾ, ನಿಧಾನಕ್ಕೆ ನೋಡಬಹುದು’ ಎಂದರೆ ಮುಖ ಗಂಟಿಕ್ಕಿದಳು. ‘ಎದುರುಮನೆಯೋರು ಅಯೋಧ್ಯೆ ನೋಡಿ ಬಂದಾರೆ. ನಾನ್ಯಾಕೆ ಬಿಡ್ಲಿ? ಎಲ್ಲಾ ನೋಡ್ಬೇಕು, ನಿಧಾನಕ್ಕೂ ನೋಡ್ಬೇಕು.’

ಎರಡೂ ಬೇಕು ಎನ್ನುತ್ತಾಳೆ. ಯಾಕೆ ಬೇಡ? ಅವಳಿಗೆ ಯಾವ ಆಫೀಸಿನಲ್ಲೂ ರಜೆ ಕೇಳುವುದಿಲ್ಲ. ಅಪ್ಪನಿಗೆ ನಿವೃತ್ತಿಯಾಗಿದೆ, ದೊಡ್ಡಮ್ಮನಿಗೆ ಪುರುಸೊತ್ತಿದೆ, ನನ್ನ ಗೈಡಿಗೆ ನಾನು ಎಲ್ಲಿದ್ದೇನೆಂಬ ಕುತೂಹಲ ಹೋಗಿ ಬಹಳ ಕಾಲವಾಯಿತು. ಎಂಟು ದಿನದ ಗಡಿ ಇರುವುದು ಒಬ್ಬನಿಗೆ, ಅವನ ಹೆಂಡತಿ ಮಗುವಿಗೆ. ಆ ಗಡಿಯನ್ನು ಏಳು ಜನರಿಗೂ ಯಾಕೆ ಹಾಕಬೇಕು? ನಾವು ನಾಲ್ವರು ರೈಲಿನಲ್ಲಿ ಮೊದಲೇ ಹೋಗುತ್ತೇವೆ. ಕಾಶಿಯಲ್ಲಿ ಜಂಗಮವಾಡಿ ಮಠವಿದೆ, ಕನ್ನಡ ಕಿವಿಗೆ ಬೀಳುತ್ತದೆ. ಗೋದೌಲಿಯಾದಿಂದ ಮುಂದೆ ಘಾಟಿನವರೆಗೆ ಕಾರು ಹೋಗುವುದಿಲ್ಲ, ನಡೆಯಬೇಕು, ಮೆಟ್ಟಿಲಿಳಿಯಬೇಕು. ಇವತ್ತು ಆಗದಿದ್ದರೆ ನಾಳೆ ಇಳಿಯಬಹುದು, ನಾಲ್ಕು ದಿನವಿದ್ದರೆ. ಅಣ್ಣ, ಅತ್ತಿಗೆ, ಮಗು ವಿಮಾನದಲ್ಲಿ ಬಂದು ಅಲ್ಲೇ ಕೂಡಿಕೊಳ್ಳಲಿ. ಕಾರು ಹತ್ತಿರದ ಊರುಗಳಿಗೆ ಮಾತ್ರ, ಎರಡು ಗಂಟೆಗೊಮ್ಮೆ ನಿಲ್ಲುವ ಕರಾರಿನ ಮೇಲೆ. ಬರುವಾಗ ಬೇಕಾದರೆ ದೆಹಲಿಯಿಂದ ಎಲ್ಲರೂ ವಿಮಾನ, ನಡುಹಾದಿಯ ಸೀಟು ಅಮ್ಮಂದಿರಿಗೆ.

ಇದನ್ನು ಹೇಳಿದಾಗ ಮನೆಯಲ್ಲಿ ಗಲಾಟೆಯಾದದ್ದು ದುಡ್ಡಿಗಲ್ಲ, ಸಮಯಕ್ಕಲ್ಲ. ‘ಒಟ್ಟಿಗೆ ಹೋಗದಿದ್ದರೆ ಅದೆಂಥ ಫ್ಯಾಮಿಲಿ ಟೂರು?’ ಎಂದು. ಮದುವೆಮನೆಯಲ್ಲಿ ಮದುಮಗ ಕೊಡೆ ಹಿಡಿದು ಒಬ್ಬನೇ ಕಾಶಿಗೆ ಹೊರಟಂತೆ ನಾಟಕ ಮಾಡುತ್ತಾನೆ, ಎಲ್ಲರೂ ನಕ್ಕು ಕರೆತರುತ್ತಾರೆ. ಇಬ್ಬರು ಮುದುಕಿಯರು ನಿಜವಾಗಿಯೂ ಬೇರೆ ಟಿಕೆಟಿನಲ್ಲಿ ಹೊರಡುತ್ತೇವೆಂದರೆ ಮನೆತನ ಒಡೆದಂತೆ! ಅಪ್ಪ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಬಂದು, ‘ಸಂಘಮಿತ್ರದಲ್ಲಿ ಊಟ ಹೆಂಗಿರುತ್ತೆ?’ ಎಂದು ಕೇಳಿದ.

ರೈಲಿನ ಮುಂಗಡ ಬುಕಿಂಗ್ ಈಗ 60 ದಿನಕ್ಕೆ ಮೊದಲು, ಬೆಳಿಗ್ಗೆ ಎಂಟಕ್ಕೆ. 2024ರ ನವೆಂಬರಿಗೆ ಮೊದಲು 120 ದಿನವಿತ್ತು. ಜಗಳಕ್ಕೂ ಅಷ್ಟು ಹೆಚ್ಚು ಕಾಲ ಸಿಗುತ್ತಿತ್ತು. ನಮ್ಮ ದಿನ ಬರುವ ಗುರುವಾರ. ಅಮ್ಮ ಮತ್ತು ದೊಡ್ಡಮ್ಮ ಒಂದು ಟಿಕೆಟು, ನಾನು ಅಪ್ಪ ಇನ್ನೊಂದು. ಅಣ್ಣ ಇನ್ನೂ ಪೂರ್ತಿ ಒಪ್ಪಿಲ್ಲ. ಶೀಟಿನಲ್ಲಿ ನಾನು ‘ನೀರು/ಶೌಚ’ ಎಂದು ಒಂದು ಕಾಲಂ ಸೇರಿಸಿದ್ದೆ. ಮಾರನೇ ದಿನ ಅದು ಮಾಯವಾಗಿತ್ತು. ಮತ್ತೆ ಹಾಕಿದೆ, ಮತ್ತೆ ಹೋಯಿತು. ನಾನೂ ಬಿಟ್ಟೆ.

ನಿನ್ನೆ ರಾತ್ರಿ ತೆಗೆದು ನೋಡಿದರೆ ಕಾಲಂ ವಾಪಸು ಬಂದಿದೆ. ಹಾಕಿದ್ದು ಅತ್ತಿಗೆ, ಇಷ್ಟು ದಿನದಲ್ಲಿ ಈ ವಿಷಯಕ್ಕೆ ಒಂದು ಮಾತೂ ಆಡಿರಲಿಲ್ಲ. ಪ್ರಯಾಗ–ಅಯೋಧ್ಯೆ ದಾರಿಯ ಎದುರು ಅವರು ಬರೆದಿದ್ದಾರೆ: ‘ಎರಡು ಕಡೆ ನಿಲ್ಲಿಸಬೇಕು. ಆ ವಾರ ನನ್ನ ಡೇಟ್ ಇದೆ.’