ಮಂಗಳೂರು ನೋಡಿ ಬಂದವರು

ಡಿಸೆಂಬರ್ ಬಂತೆಂದರೆ ನಮ್ಮ ಜಿಲ್ಲೆಯ ಹೈಸ್ಕೂಲುಗಳಲ್ಲಿ ಪ್ರವಾಸದ ಗದ್ದಲ ಶುರು. ಮಾಲೂರಿರಲಿ, ಮುಳಬಾಗಿಲಿರಲಿ, ಶ್ರೀನಿವಾಸಪುರವಿರಲಿ, ಮಕ್ಕಳ ಬಾಯಲ್ಲಿ ಒಂದೇ ಪ್ರಶ್ನೆ: "ಸಮುದ್ರ ತೋರಿಸ್ತೀರಾ ಸಾರ್?" ಕೇಳದೆ ಇನ್ನೇನು ಮಾಡಿಯಾವು? ವರ್ಷವಿಡೀ ಹರಿಯುವ ಒಂದು ನದಿಯನ್ನೂ ಕಾಣದ ಜಿಲ್ಲೆಯ ಮಕ್ಕಳು ಅವು. ಹಾಲು ಹಾಕಿ, ರೇಷ್ಮೆಗೂಡು ಮಾರಿ ಉಳಿಸಿದ ದುಡ್ಡಿನಲ್ಲಿ ತಂದೆತಾಯಿ ಕಳುಹಿಸುತ್ತಾರೆ. ಕೋಲಾರದಿಂದ ಮಂಗಳೂರಿಗೆ ಸುಮಾರು 420 ಕಿಲೋಮೀಟರ್. ಅಷ್ಟು ದೂರ ಹೋಗಿ ಮಗು ತರುವುದೇನು? ನಾಲ್ಕು ದೇವಸ್ಥಾನ, ಪಣಂಬೂರಿನ ಮರಳಿನಲ್ಲಿ ಒಂದು ಗಂಟೆ, ಮೇಷ್ಟರ ಮೊಬೈಲಿನಲ್ಲಿ ನೂರು ಫೋಟೋ. ಉಳಿದದ್ದು ಬಸ್ಸಿನ ನಿದ್ದೆ.

ಇದೇ ಕರಾವಳಿಯನ್ನು ಹಿಂದೆ ನೋಡಿ ಹೋದವರ ಬಳಿ ಕ್ಯಾಮೆರಾ ಇರಲಿಲ್ಲ. ಮೊರಾಕೊದ ಇಬ್ನ್ ಬತೂತ 1340ರ ದಶಕದಲ್ಲಿ ಇಲ್ಲಿಗೆ ಬಂದ. ಮಂಗಳೂರಿನಲ್ಲಿ ಮೆಣಸು, ಶುಂಠಿ ಧಾರಾಳವೆಂದೂ, ಪರ್ಷಿಯಾ ಮತ್ತು ಯೆಮೆನ್ ದೇಶಗಳ ವರ್ತಕರು ಬಂದಿಳಿಯುತ್ತಾರೆಂದೂ, ಊರ ಪಕ್ಕದಲ್ಲಿ ಸುಮಾರು 4,000 ಮುಸಲ್ಮಾನರು ನೆಲೆಸಿದ್ದಾರೆಂದೂ ಬರೆದ. ಹೊನ್ನಾವರದಲ್ಲಿ ಅವನು ಎಣಿಸಿದ್ದು ಶಾಲೆಗಳನ್ನು. ಹುಡುಗಿಯರಿಗೆ 13, ಹುಡುಗರಿಗೆ 23. ಹೀಗೆ ಬೇರೆಲ್ಲೂ ಕಂಡಿಲ್ಲವೆಂದ. ಅವನು ಎಣಿಸದೆ "ಬಹಳ ಶಾಲೆಗಳಿವೆ" ಎಂದು ಬರೆದು ಹೋಗಿದ್ದರೆ, ಇಂದು ನಾವು ಅದನ್ನು ನೆನೆಯುತ್ತಿದ್ದೆವೇ?

1443ರಲ್ಲಿ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಮಂಗಳೂರಿನಲ್ಲಿ ಇಳಿದು ವಿಜಯನಗರದ ದಾರಿ ಹಿಡಿದ. ದಾರಿಯಲ್ಲಿ ಕಂಡ ಹಿತ್ತಾಳೆಯ ದೇಗುಲದ ಅಳತೆಯನ್ನೂ ಬರೆದಿಟ್ಟ. 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಉಳ್ಳಾಲದ ರಾಣಿಯನ್ನು ಭೇಟಿಯಾದ. ಪಲ್ಲಕ್ಕಿಯಿಲ್ಲ, ಸಿಂಹಾಸನವಿಲ್ಲ. ಕಾಲುವೆ ತೋಡುವ ಕೆಲಸ ನೋಡಲು ಆಕೆ ಬರಿಗಾಲಲ್ಲಿ ನಡೆದು ಬಂದಿದ್ದಳು. ನೋಡಲು ಅಡುಗೆಯವಳಂತೆ, ಮಾತಿಗೆ ನಿಂತರೆ ರಾಣಿ ಎಂಬರ್ಥದಲ್ಲಿ ಅವನು ಬರೆದಿದ್ದಾನೆ. ಅದೇ ವರ್ಷ ಗೇರುಸೊಪ್ಪೆಯಿಂದ ಇಕ್ಕೇರಿಗೆ ಹೋಗುವಾಗ, ಗುಡಿಯ ಜಗಲಿಯಲ್ಲಿ ಹುಡುಗರು ರಾಗವಾಗಿ ಲೆಕ್ಕ ಹೇಳುತ್ತ ಮರಳಿನ ಮೇಲೆ ಬೆರಳಿನಿಂದ ಬರೆಯುವುದನ್ನು ನಿಂತು ನೋಡಿದ. ಮೂವರೂ ಪರದೇಶಿಗಳೇ. ಊರಿನವರಿಗೆ ದಿನನಿತ್ಯದ ಸಂಗತಿಯಾಗಿದ್ದುದು ಅವರಿಗೆ ಸೋಜಿಗವಾಗಿತ್ತು. ಹೊರಗಿನಿಂದ ಬಂದ ಕಣ್ಣಿಗಿರುವ ಲಾಭ ಇದೇ.

ಈ ಲಾಭ ನಮ್ಮ ಮಕ್ಕಳಿಗೂ ಇದೆ. ಕೋಲಾರ ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿದೆ. ಇಲ್ಲಿ ನೀರು ಸುಮಾರು 97 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುತ್ತದೆ, ಮಂಗಳೂರಿನಲ್ಲಿ 100ರಲ್ಲಿ. ಒಂದು ಥರ್ಮಾಮೀಟರ್ ಜೊತೆಗಿದ್ದರೆ ಬಸ್ಸಿನವರ ಒಲೆಯ ಮೇಲೆಯೇ ಪಾಠ ಮುಗಿಯುತ್ತದೆ. ನಮ್ಮಲ್ಲಿ ಬಿಸಿಲು ಸುಟ್ಟರೂ ಬೆವರು ಆರಿ ಮೈ ತಂಪಾಗುತ್ತದೆ. ಅಲ್ಲಿ ಗಾಳಿಯಲ್ಲೇ ತೇವ ತುಂಬಿರುವುದರಿಂದ ಬೆವರು ಆರುವುದಿಲ್ಲ, ಒಗೆದ ಅಂಗಿಯೂ ಒಣಗುವುದಿಲ್ಲ. ನಮ್ಮ ಹಳೆಯ ಮನೆಗಳದು ಕಲ್ಲುಚಪ್ಪಡಿಯ ಮಟ್ಟಸ ಮಾಳಿಗೆ, ಅಲ್ಲಿಯದು ಇಳಿಜಾರು ಹೆಂಚಿನ ಮಾಡು. ಏಕೆ? ನಮ್ಮಲ್ಲಿ ವರ್ಷಕ್ಕೆ ಬೀಳುವುದು 700 ಮಿಲಿಮೀಟರಿನ ಆಸುಪಾಸಿನ ಮಳೆ, ಅಲ್ಲಿ 3,500ಕ್ಕೂ ಮೇಲೆ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಕಾರ್ಖಾನೆ ತೆರೆದು ನದೀತೀರದ ಜೇಡಿಮಣ್ಣಿನಿಂದ ಹೆಂಚು ಮಾಡತೊಡಗಿದರು. ಹೆಂಚಿಗೂ ಇಟ್ಟಿಗೆಗೂ ಹೆಸರಾದ ಮಾಲೂರಿನ ಹುಡುಗ ಆ ಮಾಡುಗಳನ್ನು ನೋಡಿ, "ಇದು ನಮ್ಮೂರಲ್ಲೂ ಮಾಡ್ತಾರೆ ಸಾರ್" ಎಂದರೆ, ಅವನಿಗೆ ಭೂಗೋಳ ಅರ್ಥವಾಯಿತೆಂದೇ ಲೆಕ್ಕ.

ಭಾಷೆಯದೂ ಒಂದು ಪಾಠವೇ. ಮುಳಬಾಗಿಲು, ಶ್ರೀನಿವಾಸಪುರದ ಕಡೆಯ ಎಷ್ಟೋ ಮಕ್ಕಳ ಮನೆಮಾತು ತೆಲುಗು. ಅಲ್ಲಿಯವರದು ತುಳು, ಕೊಂಕಣಿ, ಬ್ಯಾರಿ. ಇಬ್ಬರೂ ಮುಖಾಮುಖಿಯಾದಾಗ ಕೈಹಿಡಿಯುವುದು ಶಾಲೆಯ ಕನ್ನಡ.

ಇಷ್ಟಾದರೂ, ನಮ್ಮ ಮಕ್ಕಳು ಮುಖ್ಯವಾಗಿ ನೋಡಬೇಕಾದದ್ದು ಇನ್ನೊಂದಿದೆ: ನದಿ ಸಮುದ್ರ ಸೇರುವ ಜಾಗ. ಉಳ್ಳಾಲದ ಕೋಟೆಪುರದ ಕಡೆ ನಿಂತರೆ ನೇತ್ರಾವತಿ, ಗುರುಪುರ ನದಿಗಳೆರಡೂ ಸಮುದ್ರಕ್ಕೆ ಇಳಿಯುವುದು ಕಾಣುತ್ತದೆ. ಮಕ್ಕಳನ್ನು ಅಲ್ಲಿಗೆ ಕರೆದೊಯ್ದಾಗ ಒಬ್ಬ ಹುಡುಗಿ ಕೇಳಿದಳು, "ಇಷ್ಟು ನೀರು ಸುಮ್ಮನೆ ಹೋಗ್ತಾ ಇದೆಯಲ್ಲ ಸಾರ್?" ಅವಳ ಮನೆಯ ಕೊಳವೆಬಾವಿ ಸಾವಿರ ಅಡಿ ದಾಟಿದೆ. ಅವಳ ಕಣ್ಣಿನಲ್ಲಿ ಅದು ನ್ಯಾಯವಾದ ಪ್ರಶ್ನೆ. ನಾನು ಬಾಯಿ ತೆರೆಯುವ ಮೊದಲೇ, ಪಕ್ಕದಲ್ಲಿ ಬಲೆ ಬಿಡಿಸುತ್ತಿದ್ದ ಹಿರಿಯರೊಬ್ಬರು ಉತ್ತರ ಕೊಟ್ಟರು: "ನದಿ ಬಾರದಿದ್ದರೆ ಮೀನೂ ಬರುವುದಿಲ್ಲ ಮಗಾ, ಉಪ್ಪು ಮಾತ್ರ ಬರುವುದು."

ಅವರು ಹೇಳಿದ್ದು ವಿಜ್ಞಾನವೇ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ದಿನಕ್ಕೆ ಎರಡು ಬಾರಿ ಭರತ ಬಂದಾಗ ಆ ನೀರು ನದಿಯೊಳಕ್ಕೆ ನುಗ್ಗಲು ನೋಡುತ್ತದೆ. ಅದನ್ನು ಹಿಂದಕ್ಕೆ ತಳ್ಳುವುದು ಮೇಲಿನಿಂದ ಬರುವ ಸಿಹಿನೀರು. ಬೇಸಗೆಯಲ್ಲಿ ಹರಿವು ತಗ್ಗಿದರೆ ಉಪ್ಪು ಒಳಗೊಳಗೇ ಸಾಗುತ್ತದೆ, ದಂಡೆಯ ಬಾವಿಗಳೂ ಸವಳಾಗುತ್ತವೆ. ಸಿಹಿನೀರೂ ಉಪ್ಪುನೀರೂ ಬೆರೆಯುವ ಅಳಿವೆಯಲ್ಲಿ ಎಷ್ಟೋ ಜಾತಿಯ ಮೀನು, ಸಿಗಡಿಗಳ ಮರಿಗಳು ಬೆಳೆಯುತ್ತವೆ. ಕಡಲತೀರಕ್ಕೆ ಮರಳು ತಂದು ಹಾಕುವುದೂ ನದಿಯೇ. ಅಷ್ಟು ಮಳೆಯ ಮಂಗಳೂರಿಗೂ ಕುಡಿಯುವ ನೀರು ಬರುವುದು ಇದೇ ನೇತ್ರಾವತಿಗೆ ತುಂಬೆಯಲ್ಲಿ ಕಟ್ಟಿದ ಅಣೆಕಟ್ಟೆಯಿಂದ. 2016ರಲ್ಲಿಯೂ 2019ರಲ್ಲಿಯೂ ಬೇಸಗೆಯಲ್ಲಿ ಅಲ್ಲಿ ನೀರನ್ನು ಪಾಳಿಯ ಮೇಲೆ ಬಿಡಬೇಕಾಯಿತು. ಇದನ್ನು ಕೇಳಿ ನಮ್ಮ ಮಕ್ಕಳು ಬೆರಗಾದರು.

ಇದನ್ನೇಕೆ ಇಷ್ಟು ಹೇಳುತ್ತೇನೆಂದರೆ, ಆ ನೀರಿನಲ್ಲಿ ನಮ್ಮ ಜಿಲ್ಲೆಯ ಆಸೆಯೂ ಇದೆ. ನೇತ್ರಾವತಿಗೆ ಸೇರುವ ಎತ್ತಿನಹೊಳೆ ಮತ್ತು ಅಕ್ಕಪಕ್ಕದ ಹಳ್ಳಗಳಿಂದ ಸುಮಾರು 24 ಟಿಎಂಸಿ ನೀರೆತ್ತಿ ಕೋಲಾರ, ಚಿಕ್ಕಬಳ್ಳಾಪುರ ಮೊದಲಾದ ಬರದ ಜಿಲ್ಲೆಗಳಿಗೆ ತರುವ ಯೋಜನೆಗೆ 2014ರಲ್ಲಿ ಶಂಕುಸ್ಥಾಪನೆಯಾಯಿತು. ಸಕಲೇಶಪುರದ ಬಳಿ ಮೊದಲ ಹಂತದ ಪಂಪುಗಳು ಚಾಲೂ ಆದದ್ದು 2024ರ ಸೆಪ್ಟೆಂಬರಿನಲ್ಲಿ. ನಮ್ಮಲ್ಲಿ ಶಾಶ್ವತ ನೀರಾವರಿಗಾಗಿ ಜನ ಬೀದಿಗಿಳಿದರು, ಮಂಗಳೂರಿನಲ್ಲಿ ನದಿ ಉಳಿಸಿರೆಂದು ಬೀದಿಗಿಳಿದರು. ಇಬ್ಬರದೂ ನಿಜವಾದ ಕಷ್ಟ. ಫ್ಲೋರೈಡ್ ನೀರು ಕುಡಿದು ಹಲ್ಲು ಕಂದಿದ ಮಕ್ಕಳನ್ನು ದಿನವೂ ತರಗತಿಯಲ್ಲಿ ನೋಡುವ ನನಗೆ ನಮ್ಮವರ ಬೇಡಿಕೆಯ ಬಗ್ಗೆ ಎಳ್ಳಷ್ಟೂ ಅನುಮಾನವಿಲ್ಲ. ಆದರೆ "ವ್ಯರ್ಥವಾಗಿ ಸಮುದ್ರಕ್ಕೆ ಹೋಗುವ ನೀರು" ಎಂಬ ಮಾತನ್ನು ಮಾತ್ರ ಬಿಡೋಣ. ನೀರು ಕೇಳುವವರು, ಕೊಡುವವರ ಮನೆಯಲ್ಲಿ ಅದು ಏನು ಕೆಲಸ ಮಾಡುತ್ತಿದೆ ಎಂದು ತಿಳಿದು ಕೇಳಬೇಕು. ಮಳೆಗಾಲದ ನೆರೆಯಲ್ಲಿ ಎಷ್ಟು ಎತ್ತಬಹುದು, ಬೇಸಗೆಯಲ್ಲಿ ಎಷ್ಟು ಬಿಡಲೇಬೇಕು ಎಂಬುದು ಅಳತೆಯ ಪ್ರಶ್ನೆ. ಘೋಷಣೆಯಿಂದ ಅದು ತೀರುವುದಿಲ್ಲ.

ಆದ್ದರಿಂದ ಉಪಾಧ್ಯಾಯ ಮಿತ್ರರಲ್ಲಿ ಒಂದು ಕೋರಿಕೆ. ಈ ಸಲ ಪ್ರವಾಸಕ್ಕೆ ಹೊರಟಾಗ ಪ್ರತಿ ಮಗುವಿನ ಕೈಗೂ ನಲವತ್ತು ಪುಟದ ಒಂದು ನೋಟುಪುಸ್ತಕ ಕೊಡಿ. ದಿನಕ್ಕೆ ಐದು ಸಂಗತಿ ಬರೆಯಲಿ, ಅದರಲ್ಲಿ ಎರಡಾದರೂ ಅಂಕಿಯಿಂದ ಕೂಡಿರಲಿ. ಬಂಟ್ವಾಳದ ಬಳಿ ಒಂದು ಬಾಟಲಿ, ಅಳಿವೆಯಲ್ಲಿ ಒಂದು, ಸಮುದ್ರದಲ್ಲಿ ಒಂದು ನೀರು ತುಂಬಿ ತನ್ನಿ. ನಮ್ಮೂರಿನ ಕೊಳವೆಬಾವಿಯದನ್ನೂ ಪಕ್ಕದಲ್ಲಿಟ್ಟು, ನಾಲ್ಕನ್ನೂ ಶಾಲೆಯಲ್ಲಿ ಆವಿ ಮಾಡಿ, ಉಳಿದದ್ದನ್ನು ಮಕ್ಕಳೇ ತೂಗಲಿ. ಕಡಲಿಗೆ ಇಳಿಯುವಾಗ ಮಾತ್ರ ಜೀವರಕ್ಷಕರಿರುವ ಜಾಗವನ್ನೇ ಆರಿಸಿ, ಮೊಣಕಾಲಿನಾಚೆ ಬಿಡಬೇಡಿ. ಕೆರೆಯಲ್ಲಿ ಈಜು ಕಲಿಯುವ ಭಾಗ್ಯವೂ ಇಲ್ಲದ ಮಕ್ಕಳು ಇವು. ಹಿಂದಕ್ಕೆ ಸೆಳೆಯುವ ಅಲೆಯ ಬಲ ಇವುಗಳಿಗೆ ಗೊತ್ತಿಲ್ಲ.

ಮಂಗಳೂರಿನ ಮೇಷ್ಟರುಗಳಿಗೂ ಒಂದು ಆಹ್ವಾನ. ನಿಮ್ಮ ಮಕ್ಕಳನ್ನು ಮೇ ತಿಂಗಳಿನಲ್ಲಿ ಇತ್ತ ಕರೆತನ್ನಿ. ಶ್ರೀನಿವಾಸಪುರದ ಮಾವು, ಮುಳಬಾಗಿಲಿನ ದೋಸೆ ನಮ್ಮ ಲೆಕ್ಕದಲ್ಲಿ. ಬಿರುಕು ಬಿಟ್ಟ ಕೆರೆಯಂಗಳದಲ್ಲಿ ನಿಂತು, ಬೆಂಗಳೂರಿನ ಬಳಸಿದ ನೀರನ್ನೇ ಶುದ್ಧೀಕರಿಸಿ 2018ರಿಂದ ನಮ್ಮ ಕೆರೆಗಳಿಗೆ ತುಂಬಿಸುತ್ತ ಬಂದದ್ದನ್ನೂ ಅವರು ನೋಡಲಿ, ಎಣಿಸಲಿ, ಬರೆದುಕೊಳ್ಳಲಿ.