ವಿಶೇಷಣದ ಸಾಕ್ಷ್ಯ: ‘ಇಂಡಿಕಾ’ದಿಂದ ಪಲಾಶಿಕೆಯವರೆಗೆ

ಖಾನಾಪುರ ಸೀಮೆಯ ಮುರುಗಲು ಮರಕ್ಕೆ ಸಸ್ಯಶಾಸ್ತ್ರಜ್ಞರ ಹೆಸರು ‘ಗಾರ್ಸಿನಿಯಾ ಇಂಡಿಕಾ’. ಎಳ್ಳು ‘ಸೆಸಮಮ್ ಇಂಡಿಕಮ್’. ಆನೆ ‘ಎಲಿಫಾಸ್ ಮ್ಯಾಕ್ಸಿಮಸ್ ಇಂಡಿಕಸ್’. ಪದ ಒಂದೇ, ಲಿಂಗ ಮೂರು. ಲ್ಯಾಟಿನ್ ವಿಶೇಷಣವು ವಿಶೇಷ್ಯದ ಲಿಂಗ, ವಚನ, ವಿಭಕ್ತಿಗಳನ್ನು ಅನುಸರಿಸುತ್ತದೆ. ಸುಂದರಃ, ಸುಂದರೀ, ಸುಂದರಮ್ ಎಂದು ಕಲಿತವರಿಗೆ ಇದು ಹೊಸದಲ್ಲ. ಕನ್ನಡಕ್ಕೆ ಮಾತ್ರ ಈ ತೊಡಕಿಲ್ಲ: ಒಳ್ಳೆಯ ಹುಡುಗ, ಒಳ್ಳೆಯ ಹುಡುಗಿ, ಒಳ್ಳೆಯ ಮರ.

ಪದದ ಹುಟ್ಟು ನಮ್ಮ ನೆಲದ್ದೇ. ಸಂಸ್ಕೃತದ ‘ಸಿಂಧು’ ಪ್ರಾಚೀನ ಪಾರಸಿಯಲ್ಲಿ ‘ಹಿಂದು’ವಾಯಿತು, ಗ್ರೀಕರಲ್ಲಿ ಹಕಾರ ಬಿದ್ದು ‘ಇಂಡೋಸ್’, ಅದರಿಂದ ‘ಇಂಡಿಕೋಸ್’, ಲ್ಯಾಟಿನ್ನಿನಲ್ಲಿ ‘ಇಂಡಿಕಸ್’. ಅದರ ಪ್ರತ್ಯಯವು ನಮ್ಮ ಧಾರ್ಮಿಕ, ನಾಗರಿಕಗಳ ‘ಇಕ’ ಪ್ರತ್ಯಯದ ಬಂಧು.

ಇಷ್ಟಾದರೂ ಈ ವಿಶೇಷಣವನ್ನು ಸಾಕ್ಷಿಯಾಗಿ ನಂಬುವಂತಿಲ್ಲ. ಹುಣಿಸೆಯನ್ನು ನೋಡಿ. 1753ರಲ್ಲಿ ಲಿನೇಯಸ್ ಅದನ್ನು ‘ಟ್ಯಾಮರಿಂಡಸ್ ಇಂಡಿಕಾ’ ಎಂದು ಕರೆದ. ಮೊದಲ ಪದವೇ ಅರಬರ ‘ತಮ್ರ್ ಹಿಂದಿ’, ಅಂದರೆ ಹಿಂದೂದೇಶದ ಖರ್ಜೂರ. ಅದರ ಮೇಲೆ ಮತ್ತೊಮ್ಮೆ ‘ಇಂಡಿಕಾ’! (ಮೊದಲ ಪದದ ಅಂತ್ಯ ಪುಲ್ಲಿಂಗದಂತೆ ತೋರಿದರೂ ಲ್ಯಾಟಿನ್ನಿನಲ್ಲಿ ಮರಗಳು ವಾಡಿಕೆಯಾಗಿ ಸ್ತ್ರೀಲಿಂಗ, ಆದ್ದರಿಂದಲೇ ‘ಇಂಡಿಕಾ’.) ಎರಡು ಸಲ ಭಾರತದ್ದೆಂದು ಹೇಳಿಸಿಕೊಂಡ ಈ ಮರದ ತವರು ಆಫ್ರಿಕ. ಹೆಸರು ತಿಳಿಸುವುದು ಹೆಸರಿಟ್ಟವನ ತಿಳಿವಳಿಕೆಯನ್ನು, ವಸ್ತುವಿನ ಮೂಲವನ್ನಲ್ಲ.

ನಮ್ಮ ಸ್ಥಳನಾಮ ಸಂಶೋಧನೆ ಈ ಎಚ್ಚರವನ್ನು ಹಲವೊಮ್ಮೆ ಮರೆಯುತ್ತದೆಂಬುದೇ ನನ್ನ ತಕರಾರು. ಖಾನಾಪುರ ತಾಲ್ಲೂಕಿನ ಹಲಸಿಯು ಕದಂಬರ ತಾಮ್ರಶಾಸನಗಳ ಪಲಾಶಿಕಾ. ಮೃಗೇಶವರ್ಮ ಅಲ್ಲಿ ಜಿನಾಲಯ ಕಟ್ಟಿಸಿ ಯಾಪನೀಯ, ನಿರ್ಗ್ರಂಥ, ಕೂರ್ಚಕರಿಗೆ ದತ್ತಿಯಿತ್ತನು. ‘ಪಲಾಶಿಕಾ’ ಎಂದು ಕಂಡೊಡನೆ ಅದನ್ನು ಪಲಾಶದಿಂದ, ಅಂದರೆ ಮುತ್ತುಗದ ಮರದಿಂದ, ಬಿಡಿಸುವುದು ಸುಲಭ. ಆದರೆ ಹಲಸಿಗೆ ಹಳಗನ್ನಡದಲ್ಲಿ ‘ಪಲಸು’ ಎಂಬ ರೂಪವಿದೆ. ಪಕಾರವು ಹಕಾರವಾಗುವುದು ಕನ್ನಡದ ನಡೆ. ದೇಶ್ಯವಾದ ಊರಹೆಸರಿಗೆ ಶಾಸನಕವಿ ‘ಇಕಾ’ ಎಂಬ ಸ್ತ್ರೀಪ್ರತ್ಯಯದ ಉಡುಗೆ ತೊಡಿಸಿದ್ದಾನೆಂದು ಭಾವಿಸುವುದೇ ನನಗೆ ಹೆಚ್ಚು ಯುಕ್ತವೆನಿಸುತ್ತದೆ. ಬೆಳಗಾವಿಯ ‘ವೇಣುಗ್ರಾಮ’ವನ್ನೂ ಇದೇ ಸಂಶಯದಿಂದ ಓದಬೇಕು. ಶಾಸನದಲ್ಲಿ ಸಂಸ್ಕೃತರೂಪ ಸಿಕ್ಕಿತೆಂಬ ಮಾತ್ರಕ್ಕೆ ಅದೇ ಮೂಲ, ಜನರ ಬಾಯಿನ ರೂಪ ಅದರ ಅಪಭ್ರಂಶ ಎನ್ನುವುದು, ‘ಇಂಡಿಕಾ’ ಎಂದಿದೆಯೆಂದು ಹುಣಿಸೆಯನ್ನು ಭಾರತದ ಮೂಲನಿವಾಸಿಯೆಂದು ಸಾಧಿಸಿದಂತೆ.