ಸಾಧನೆಯ ಪಟ್ಟಿಯಲ್ಲಿ ಇಲ್ಲದ ಊರು

ವಿಶ್ವವಿದ್ಯಾಲಯಗಳ ಸಮಾಜವಿಜ್ಞಾನ ವಿಭಾಗಗಳ ಸಾಧನೆಯ ಪಟ್ಟಿಗಳಲ್ಲಿ ವಿಚಾರಸಂಕಿರಣ, ಪ್ರಶಸ್ತಿ, ಅಂತಾರಾಷ್ಟ್ರೀಯ ಪತ್ರಿಕೆಗಳ ಲೇಖನ ಎಲ್ಲವೂ ಇರುತ್ತವೆ. ಅಧ್ಯಯನಕ್ಕೊಳಗಾದ ಊರಿಗೆ ದಕ್ಕಿದ್ದೇನೆಂಬ ಪ್ರಶ್ನೆ ಮಾತ್ರ ಇರುವುದಿಲ್ಲ.

ಈ ಮರೆವು ಹಳೆಯದು. 1948ರಲ್ಲಿ ಎಂ.ಎನ್. ಶ್ರೀನಿವಾಸ್ ಕ್ಷೇತ್ರಕಾರ್ಯ ನಡೆಸಿದ ಕೊಡಗಹಳ್ಳಿ ಅವರ ಗ್ರಂಥದಲ್ಲಿ ‘ರಾಂಪುರ’ವಾಯಿತು. 1950ರ ದಶಕದಲ್ಲಿ ಸ್ಕಾರ್ಲೆಟ್ ಎಪ್‌ಸ್ಟೈನ್ ನೀರಾವರಿಯ ಪರಿಣಾಮವನ್ನು ಅಭ್ಯಸಿಸಿದ ಮಂಡ್ಯ ಸೀಮೆಯ ಎರಡು ಹಳ್ಳಿಗಳು ‘ವಂಗಲ’, ‘ದಲೇನ’ಗಳೆಂದು ಲೋಕಖ್ಯಾತವಾದವು. ಎರಡೂ ಅಧ್ಯಯನಗಳು ಹೊರಬಂದದ್ದು ಇಂಗ್ಲಿಷಿನಲ್ಲಿ. ಅವುಗಳ ಹಿರಿಮೆ ನಿರ್ವಿವಾದ. ಜನರ ಗುಟ್ಟು ಕಾಯಲು ಊರಿನ ಹೆಸರನ್ನು ಮರೆಸುವುದೂ ನ್ಯಾಯವೇ. ಆದರೆ ಅಧ್ಯಯನದ ಫಲವನ್ನು ಆ ಜನರ ಭಾಷೆಯಿಂದಲೇ ದೂರವಿಡುವುದು ಯಾವ ನ್ಯಾಯ?

ಬೇರೊಂದು ಮಾದರಿ ಮೈಸೂರು ವಿಶ್ವವಿದ್ಯಾಲಯದಲ್ಲಿಯೇ ಇದೆ. ಅಲ್ಲಿನ ಕನ್ನಡ ಅಧ್ಯಯನ ಸಂಸ್ಥೆ 1977ರಲ್ಲಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕ’ದ ಪರಿಷ್ಕೃತ ಆರನೆಯ ಸಂಪುಟವು ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ತಾಲ್ಲೂಕುಗಳ ಶಾಸನಗಳನ್ನು ಊರೂರಿನ ಹೆಸರಿನೊಡನೆ ಕನ್ನಡ ಲಿಪಿಯಲ್ಲಿ ನೀಡಿತು. ಹೀಗಾಗಿ ಸಂತೆಬಾಚಹಳ್ಳಿಯ ವಿದ್ಯಾರ್ಥಿ ತನ್ನ ತಾಲ್ಲೂಕಿನ ಹೊಯ್ಸಳರ ಕಾಲದ ದತ್ತಿಯನ್ನು ಕನ್ನಡದಲ್ಲಿ ಓದಬಲ್ಲನು. ತನ್ನ ತಂದೆಯ ಕಬ್ಬಿನ ಗದ್ದೆಯನ್ನು ಕುರಿತ ಪ್ರಬಂಧವು ಮಾತ್ರ ಇಂಗ್ಲಿಷಿನಲ್ಲಿಯೇ ಉಳಿದರೆ, ಅವನಿಗೆ ಎಂಟುನೂರು ವರ್ಷಗಳ ಹಿಂದಿನದು ಹತ್ತಿರ, ಇಂದಿನದು ದೂರ.

ಪ್ರತಿಯೊಂದು ಕ್ಷೇತ್ರಾಧ್ಯಯನದ ಕನ್ನಡ ಸಾರಾಂಶವೂ ಆ ಊರಿನ ಪಂಚಾಯಿತಿ ಗ್ರಂಥಾಲಯವನ್ನು ಸೇರಬೇಕು. ಸಾಧನೆಯ ಪಟ್ಟಿಯ ಮೊದಲ ಸಾಲು ಅದೇ ಆಗಲಿ.